ಹಳೇ ಸೆಟ್ಟಿನೊಳಗೆ ಉಳಿದ ಕ್ಯಾಸೆಟ್

ಸುಟ್ಟ ವೈರಿನ ವಾಸನೆ ಬಂದರೆ ಈಗಲೂ ನನಗೆ ರೇಗುತ್ತದೆ.

ಅಂದು ಮಧ್ಯಾಹ್ನ ಅಪ್ಪ, ಅದೇ ವಾಸನೆ ತುಂಬಿದ್ದ ತುಮಕೂರಿನ ಕಾರ್ ಸ್ಟೀರಿಯೋ ಅಂಗಡಿಯಲ್ಲಿ, ನಮ್ಮ ಹಳೇ ಕಾರಿಗೆ ಪೆನ್‌ಡ್ರೈವ್ ಸೆಟ್ ಹಾಕಿಸುತ್ತಿದ್ದರು. ಕಾರಿನ ಜೊತೆಗೇ ಬಂದಿದ್ದ ಸೆಟ್ಟಿನಲ್ಲಿ, ತೀರಿಹೋದ ಅಜ್ಜಿ, ಅಮ್ಮನ ತಾಯಿ, ಹಾಡಿದ್ದ ಸೋಬಾನೆಯ ಕ್ಯಾಸೆಟ್ ಸಿಕ್ಕಿಕೊಂಡಿತ್ತು. ಎಳೆದರೂ ಬರುತ್ತಿರಲಿಲ್ಲ, ಆದರೆ ಹಾಡುತ್ತಿತ್ತು.

“ಅಪ್ಪಾ, ಅದ್ರೊಳ್ಗೆ...”

“ದೊಡ್ಡೋರು ಮಾತಾಡ್ವಾಗ ಬಾಯಿ ಹಾಕ್ಬೇಡ ಕಣೇ.”

ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಅದೇ ಮಾತು. ಅಂಗಡಿಯವನು ಹಳೇ ಸೆಟ್ಟನ್ನು ಕಿತ್ತು ಗುಜರಿ ಗಾಡಿಗೆ ಎಸೆದ. ಗಾಡಿ ಹೊರಟುಹೋಯಿತು.

ಕುಣಿಗಲ್ ದಾರಿಯ ಗೂಳೂರಿನಲ್ಲಿ, ತವರುಮನೆಯಿಂದ ಬಂದು ಅಮ್ಮ ಮುಂದಿನ ಸೀಟಿನಲ್ಲಿ ಕೂತಳು. ಎಂದಿನಂತೆ ಗುಂಡಿ ಒತ್ತಿದಳು. ಯಾವುದೋ ಸಿನಿಮಾ ಹಾಡು ಬಂತು. ಅವಳ ಬೆರಳು ಹೊಸ ಸೆಟ್ಟಿನ ಮೇಲೆ ಕ್ಯಾಸೆಟ್ಟಿನ ಬಾಯಿ ತಡಕುತ್ತಲೇ ಇತ್ತು.

ಅಪ್ಪ ಹಿಂದೆ ತಿರುಗದೆ ಕೇಳಿದರು, “ಆಗ್ಲಿಂದ ಏನೋ ಹೇಳಕ್ ಬರ್ತಿದ್ಯಲ್ಲ, ಏನದು?”