ಸ್ವಂತ ವಾಕ್ಯದಲ್ಲಿ ಬಳಸು

“‘ಟರ್ನ್ ಎ ಬ್ಲೈಂಡ್ ಐ’ ಅಂದ್ರೆ ಏನಮ್ಮ?” ಮ್ಯಾನೇಜರ್ ಕೇಳಿದ. ಸೂಪರ್‌ವೈಸರ್ ಆಗಬೇಕೆಂದು ಇಂಗ್ಲಿಷ್ ನುಡಿಗಟ್ಟುಗಳನ್ನು ಹೊಲಿಗೆ ಮೆಷಿನ್ ಮುಂದೆಯೇ ಉರು ಹೊಡೆದಿದ್ದ ಟೈಲರಮ್ಮ ತಡವರಿಸಲಿಲ್ಲ. “ಕಂಡೂ ಕಾಣದ ಹಾಗೆ ಇರೋದು, ಸಾರ್.”

“ಸ್ವಂತ ವಾಕ್ಯದಲ್ಲಿ ಬಳಸು, ನೋಡೋಣ.”

ಪುಸ್ತಕದ ವಾಕ್ಯ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಮ್ಯಾನೇಜರ್ ಕೋಣೆಯ ಗಾಜಿನಾಚೆ, ಗಾರ್ಮೆಂಟ್ಸ್ ಹಾಲಿನಲ್ಲಿ, ಇನ್ನೂರು ಹೆಂಗಸರ ನಡುವೆ ತಂಗಿ ಬಗ್ಗಿ ಕಾಲರ್ ಹೊಲಿಯುತ್ತಿದ್ದಳು. ಅವಳ ಬೆನ್ನ ಹಿಂದೆ, ಬೆಂಕಿ ಬಿದ್ದರೆ ಓಡಲೆಂದಿದ್ದ ತುರ್ತು ಬಾಗಿಲಿಗೆ ಬೀಗ ಜಡಿದಿದ್ದರು. ಕೆಲಸ ಹೋದರೆ ಹೋಗಲಿ ಎಂದು ತನಗೆ ಬಂದ ಇಂಗ್ಲಿಷಿನಲ್ಲೇ ಹೇಳಿಬಿಟ್ಟಳು: ಆ ಬೀಗವನ್ನು ತಪಾಸಣೆಯವರೂ ನೀವೂ ಕಂಡೂ ಕಾಣದ ಹಾಗೆ ಇದ್ದೀರಿ.

ಮ್ಯಾನೇಜರ್ ಹೊಟ್ಟೆ ಕುಣಿಸಿ ನಕ್ಕ. “ಭೇಷ್! ಒಂದೂ ತಪ್ಪಿಲ್ಲ. ನಾಳೆಯಿಂದ ನೀನೇ ಸೂಪರ್‌ವೈಸರು.” ಮೇಜಿನ ಮೇಲೆ ಆ ತುರ್ತು ಬಾಗಿಲ ಬೀಗದ ಕೈಯನ್ನು ಅವಳತ್ತ ಜಾರಿಸಿದ. “ಎಲ್ಲರೂ ಒಳಗೆ ಬಂದ ತಕ್ಷಣ ಹಾಕ್ಬಿಡು, ಮರೀಬೇಡ.”

ಒಲ್ಲೆ ಎನ್ನಲೆಂದೇ ಅವಳು ಎದ್ದು ನಿಂತಳು. ಬಾಯಿಂದ ಬಂದದ್ದು, “ಥ್ಯಾಂಕ್ಯೂ, ಸಾರ್.”