ಪರದೆಯ ಹಿಂದಿನ ಗೋಡೆ

ವಿಯೆಟ್ನಾಮಿನ ಕಡಲತೀರದ ಆ ಊರಲ್ಲಿ ಎಲ್ಲಕ್ಕಿಂತ ಅಗ್ಗದ ರೂಮು ಹಿಡಿದೆನೆಂದು ಪರಮೇಶಿ ಬೀಗುತ್ತಿದ್ದ. ಹೆಂಡತಿ ವಿಮಲಾಕ್ಷಿ ಸಮುದ್ರ ನೋಡಲು ಪರದೆ ಸರಿಸಿದಳು. ಹಿಂದೆ ಕಿಟಕಿಯೇ ಇರಲಿಲ್ಲ, ಬರೀ ಗೋಡೆ.

"ಇಪ್ಪತ್ತು ವರ್ಷ ಅಡುಗೆಮನೆ ಗೋಡೆ ನೋಡಿದ್ದು ಸಾಲ್ದು ಅಂತ ಇಲ್ಲಿಗೂ ಗೋಡೆ ತೋರ್ಸೋಕೆ ಕರ್ಕೊಂಡು ಬಂದ್ರಾ?"

"ರೂಮಿರೋದು ಮಲಗೋಕೆ ಕಣೇ. ಕಣ್ಣು ಮುಚ್ಚಿದ್ಮೇಲೆ ಸಮುದ್ರ ಆದ್ರೇನು, ಗೋಡೆ ಆದ್ರೇನು?"

ಅವಳು ಊರಿಂದ ಹೊತ್ತು ತಂದಿದ್ದ ಅವಲಕ್ಕಿ ಪೊಟ್ಟಣವನ್ನು ಅವನ ಮುಂದೆ ಕುಕ್ಕಿದಳು. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳೂ ಇರಲಿಲ್ಲ, ಅವಳ ಸೂಟ್‌ಕೇಸೂ ಇರಲಿಲ್ಲ. ಒದ್ದೆ ತಲೆಯಲ್ಲೇ ಕೆಳಗೋಡಿದ.

"ನನ್ನ ಹೆಂಡತಿ ಎಲ್ಲಿ?"

ಕೌಂಟರಿನ ಹುಡುಗಿ ಮೇಲಕ್ಕೆ ಕೈ ತೋರಿಸಿದಳು. "ಐದನೇ ಮಹಡಿ, ಸಮುದ್ರದ ಕಡೆಯ ರೂಮು. ಒಬ್ಬರಿಗೇ ಸಾಕು ಅಂದರು."