ಉಪ್ಪಿನ ಬಿಲ್ಲೆಯ ಉಬ್ಬು

ಪರದೆಯ ಮೇಲೆ ಇನ್‌ಫ್ರಾರೆಡ್ ಗೆರೆ ನಿಶ್ಚಲವಾಗಿತ್ತು: ಉಪ್ಪಿನಲ್ಲಿ ಬೆರೆಸಿ ಬಿಲ್ಲೆಯಾಗಿ ಒತ್ತಿದ ಹೊಸ ಸಂಯುಕ್ತದ ಗೆರೆ. ಅದರ ಎಡತುದಿಯಲ್ಲಿ, ಉಂಡು ಮಲಗಿದವನ ಹೊಟ್ಟೆಯಂಥ ಅಗಲವಾದ ಉಬ್ಬು.

“ಇದೇ ನಮ್ಮ ಹೊಸ ಅಣುವಿನ ಆರೋಮ್ಯಾಟಿಕ್ ಉಂಗುರದ ನೈಟ್ರೋಜನ್-ಹೈಡ್ರೋಜನ್ ಬಂಧ,” ಎಂದರು ಪ್ರೊಫೆಸರ್, ಪಕ್ಕದಲ್ಲಿದ್ದ ಸಂಶೋಧಕಿಗೆ. “ಪ್ರಬಂಧದಲ್ಲಿ ಹಾಗೇ ಬರಿ ತಾಯಿ. ಇಲ್ಲಾಂದ್ರೆ ಡಾಕ್ಟರೇಟ್ ಆಸೆ ಬಿಟ್ಬಿಡು.”

“ಆ ಬಂಧಕ್ಕೆ ಚೂಪು ಮೊನೆ ಬರುತ್ತೆ ಸರ್. ಇದು ಉಪ್ಪು ಹೀರಿಕೊಂಡ ಬರೀ ತೇವ.”

“ನಂಗೇ ಪಾಠಾನಾ?”

ಸಂಶೋಧಕಿ ಯಾವ ಮಾದರಿಯನ್ನೂ ಬೆರೆಸದ ಒಣ ಉಪ್ಪಿನ ಬಿಲ್ಲೆಯೊಂದನ್ನು ಯಂತ್ರದಲ್ಲಿಟ್ಟಳು. ಗೆರೆ ಸಪಾಟಾಗಿ ಬಂತು. ಬಿಲ್ಲೆಯನ್ನು ತೆಗೆದು, ತುಟಿಯ ಬಳಿ ಹಿಡಿದು, ಬಿಸಿಯುಸಿರೂದಿ ಮತ್ತೆ ಇಟ್ಟಳು. ಅದೇ ಹೊಟ್ಟೆ ಪರದೆಯ ಮೇಲೆ ಎದ್ದು ಬಂತು.

“ನಿಮ್ಮ ಹೊಸ ಬಂಧ ನನ್ನ ಬಾಯಲ್ಲೂ ಇದೆ ಸರ್. ನೀವೇ ಬರ್ಕೊಳ್ಳಿ.”

ಬಿಲ್ಲೆಯನ್ನು ಅವರ ಬೆವೆತ ಅಂಗೈಯಲ್ಲಿಟ್ಟು, ಬಿಳಿ ಕೋಟನ್ನು ಗೂಟಕ್ಕೆ ತೂಗುಹಾಕಿ ನಡೆದಳು. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.